ಚೀಲ ಕುಲುಕಿದ್ದು ನೀವೇ ತಾನೆ?

"ನಾನು ಬರೆದಿದ್ದಲ್ಲ ಕಣ್ರೀ, ಸಿಕ್ಕಿದ್ದು."

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬಸ್ಸಿನೊಳಗಿನ ಸೂಚನೆ, ಔಷಧಿ ಡಬ್ಬದ ಚೀಟಿ, ಪೇಪರಿನ ವರ್ಗೀಕೃತ ಜಾಹೀರಾತು, ವಾಟ್ಸಾಪ್ ಫಾರ್ವರ್ಡು... ಯಾವುದೋ ಒಂದರಿಂದ ನಾಲ್ಕು ಸಾಲು ಎತ್ತೋದು, ಮಧ್ಯೆ ಮಧ್ಯೆ ಎಂಟರ್ ಒತ್ತೋದು, ಮೇಲೆ 'ಸಿಕ್ಕ ಕವನ' ಅಂತ ಹಾಕೋದು. ಇನ್ನು ಕೆಲವರಿಗೆ ಅಷ್ಟೂ ಕೆಲಸ ಬೇಡ. ಫೋನಿನ ಕೀಬೋರ್ಡ್ ಸೂಚಿಸಿದ ಪದವನ್ನೇ ಒತ್ತುತ್ತಾ ಹೋಗ್ತಾರೆ. ಚೆನ್ನಾಗಿ ಬಂದರೆ ಕೀರ್ತಿ ಕವಿಗೆ. ಯಾರಾದರೂ ಪ್ರಶ್ನೆ ಕೇಳಿದರೆ ಮಾತ್ರ "ಅಯ್ಯೋ, ಅದು ಆಕಸ್ಮಿಕ ಅಲ್ವಾ, ನಾನೇನು ಮಾಡ್ಲಿ?"

ಇದನ್ನ ನಾನು ಒಪ್ಪಲ್ಲ. ಹಾಗಂತ "ಇದೆಲ್ಲ ಕವನವೇ ಅಲ್ಲ, ಕಳ್ಳತನ" ಅಂತ ಮೂಗು ಮುರಿಯುವ ಮಡಿವಂತರ ಗುಂಪಿಗೂ ಸೇರಲ್ಲ. ಸಿಕ್ಕಿದ್ದರಿಂದ ಒಳ್ಳೆ ಕವನ ಖಂಡಿತ ಆಗುತ್ತೆ. ಆದರೆ ಅದನ್ನ ಮಾಡೋದು ಆರಿಸಿದವನ ಕೈ. ಹಾಗಾಗಿ ಹೊಣೆಯೂ ಅವನದ್ದೇ. ಇಷ್ಟೇ ನನ್ನ ವಾದ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ :)

ಈ ಆಟಕ್ಕೆ ಎಲ್ಲರೂ ತೋರಿಸುವ ಮೂಲಪುರುಷ ಟ್ರಿಸ್ಟನ್ ಜಾರಾ. ಡಾಡಾ ಪಂಥದವನು. 1920ರಲ್ಲಿ ಕವನ ಮಾಡೋದಕ್ಕೆ ಅಡುಗೆ ಪುಸ್ತಕದ ಥರ ಒಂದು ವಿಧಾನ ಕೊಟ್ಟ. ಪೇಪರಿನ ಒಂದು ಲೇಖನ ತಗೊಂಡು ಪದ ಪದ ಕತ್ತರಿಸಿ, ಚೀಲಕ್ಕೆ ಹಾಕಿ ಕುಲುಕಿ, ಒಂದೊಂದಾಗಿ ತೆಗೆದು ಅದೇ ಕ್ರಮದಲ್ಲಿ ಬರೆದುಕೊಂಡರೆ ಆಯ್ತು. ಎಲ್ಲರಿಗೂ ನೆನಪಿರೋದು ಈ ಚೀಲ. ಅದಕ್ಕೂ ಮುಂಚಿನ ಹೆಜ್ಜೆಯನ್ನ ಯಾರೂ ಹೇಳಲ್ಲ. ಬೇಕಾದಷ್ಟು ಉದ್ದದ ಲೇಖನವನ್ನ ಮೊದಲು ನೀವೇ ಆರಿಸಿಕೊಳ್ಳಬೇಕು! ಅಂದರೆ ಆಕಸ್ಮಿಕದ ಗುರುವಿನ ಪಾಠದಲ್ಲೂ ಆಯ್ಕೆಯೇ ಮೊದಲು, ಚೀಲ ಆಮೇಲೆ.

ನನ್ನದು ಸಾಫ್ಟ್‌ವೇರ್ ಕೆಲಸ, ಹಾಗಾಗಿ 'ರ್‍ಯಾಂಡಮ್' ಅನ್ನೋ ಪದ ಕೇಳಿದರೆ ಸ್ವಲ್ಪ ನಗು ಬರುತ್ತೆ. ಪ್ರೋಗ್ರಾಮಿನಲ್ಲಿ ಪದಗಳನ್ನ ಕಲೆಸೋದು ಒಂದು ಸಾಲಿನ ಕೆಲಸ. ಸೀಡ್ ಅಂತ ಒಂದು ಸಂಖ್ಯೆ ಕೊಡಿ, 42 ಅನ್ನಿ. ಅದೇ ಪ್ರೋಗ್ರಾಮು ನೂರು ಸಲ ಓಡಿಸಿದರೂ ನೂರು ಸಲವೂ ಅದೇ 'ಆಕಸ್ಮಿಕ'! ಸೀಡ್ ಕೊಡದಿದ್ದರೆ ಪ್ರತಿ ಸಲ ಬೇರೆ ಬರುತ್ತೆ, ನಿಜ. ಆದರೆ ಇಪ್ಪತ್ತು ಸಲ ಓಡಿಸಿ ಹತ್ತೊಂಬತ್ತನ್ನ ಬಿಸಾಕಿ ಒಂದನ್ನ ಇಟ್ಟುಕೊಂಡವರು ಯಾರು? ಚೀಲವಂತೂ ಅಲ್ಲ.

ಚೀಲದೊಳಗೆ ಏನು ಹಾಕಿದಿರಿ ಅನ್ನೋದೂ ಆಯ್ಕೆಯೇ. ನಮ್ಮ ನಂದಿನಿ ಲೇಔಟಿನ ಅಂಗಡಿ ಬೋರ್ಡುಗಳನ್ನೇ ಹಾಕಿದಿರಿ ಅನ್ನಿ. ಬೋರ್ಡಿನಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯ್ತು. ಅಕ್ಷರವೇನೋ ಕನ್ನಡ ಆಯ್ತು, ಮಾತು? ಚೀಲದಿಂದ ಬರೋದು ಫ್ಯಾಮಿಲಿ, ಯುನಿಸೆಕ್ಸ್, ಸಲೂನ್, ಮೆಡಿಕಲ್ಸ್, ಕಲೆಕ್ಷನ್ಸ್. ಇದರಲ್ಲಿ ಆಕಸ್ಮಿಕ ಏನೂ ಇಲ್ಲ, ಊರಿನಲ್ಲಿ ಇರೋದೇ ಚೀಲದಲ್ಲಿ ಇದೆ. ಇದೇ ರಸ್ತೆಯ ಗೇಟುಗಳ ಮೇಲಿನ ಬರಹವನ್ನ ಹಾಕಿದ್ದರೆ ಬೇರೆಯದೇ ಕವನ ಬರ್ತಿತ್ತು.

ಕತ್ತರಿ ಎಲ್ಲಿ ಇಡ್ತೀರಿ ಅನ್ನೋದು ಮೂರನೇ ಆಯ್ಕೆ. ಕನ್ನಡದಲ್ಲಂತೂ ಇದು ದೊಡ್ಡ ತಮಾಷೆ. 'ಸ್ತ್ರೀ' ಅನ್ನೋದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡಿಗೆ ಆರು: ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ. ಇಂಗ್ಲಿಷಿಗೆ ಬರೆದ ಪ್ರೋಗ್ರಾಮನ್ನ ಹಾಗೇ ತಂದು ಅಕ್ಷರ ಕಲೆಸಿದರೆ ಒತ್ತು, ಗುಣಿತ ಎಲ್ಲ ಚೆಲ್ಲಾಪಿಲ್ಲಿಯಾಗಿ ಚುಕ್ಕಿ ವೃತ್ತಗಳು ಕಾಣ್ತವೆ. ಅದನ್ನ 'ಭಾಷೆಯ ವಿಘಟನೆ' ಅಂತ ಹೊಗಳಿದವರೂ ಇದ್ದಾರೆ. ಸ್ವಾಮಿ, ನಾವು ಅದಕ್ಕೆ ಬಗ್ ಅಂತೀವಿ.

ಸರಿ, ಪದ ಪದವಾಗಿಯೇ ಕತ್ತರಿಸೋಣ. ಇಲ್ಲೇ ಇರೋದು ನೋಡಿ ನಿಜವಾದ ಸ್ವಾರಸ್ಯ. ಜಾರಾನ ಚೀಲ ಕೆಲಸ ಮಾಡೋದು ಪದಗಳ ಕ್ರಮ ತಪ್ಪಿದರೆ ಅರ್ಥ ಕುಸಿಯುವ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ 'ಡಾಗ್ ಬೈಟ್ಸ್ ಮ್ಯಾನ್' ಅನ್ನೋದನ್ನ ತಿರುಗಿಸಿದರೆ ಕಚ್ಚಿದವನೇ ಬದಲಾಗ್ತಾನೆ. ಕನ್ನಡದಲ್ಲಿ? ನಾಯಿ ಮನುಷ್ಯನನ್ನು ಕಚ್ಚಿತು. ಮನುಷ್ಯನನ್ನು ಕಚ್ಚಿತು ನಾಯಿ. ಕಚ್ಚಿತು ಮನುಷ್ಯನನ್ನು ನಾಯಿ. ಹೇಗೆ ಕುಲುಕಿದರೂ ಕಚ್ಚಿದ್ದು ನಾಯಿಯೇ. 'ಅನ್ನು' ಅನ್ನೋ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಂಡಿದೆ, ಚೀಲದೊಳಗೂ ಬಿಡಲ್ಲ.

ವಿದ್ಯುತ್ ಕಡಿತದ ಪ್ರಕಟಣೆಯ ಥರದ್ದೊಂದು ಸಾಲು ತಗೊಳ್ಳಿ:

ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಂದಿನಿ ಲೇಔಟಿನಲ್ಲಿ ವಿದ್ಯುತ್ ಇರುವುದಿಲ್ಲ.

ಈಗ ಕುಲುಕಿ:

ಇರುವುದಿಲ್ಲ ವಿದ್ಯುತ್
ಸಂಜೆ ಐದರವರೆಗೆ
ನಂದಿನಿ ಲೇಔಟಿನಲ್ಲಿ
ಬೆಳಿಗ್ಗೆ ಹತ್ತರಿಂದ, ಮಂಗಳವಾರ.

ಏನಾಯ್ತು? ಏನೂ ಇಲ್ಲ. ಅದೇ ಪ್ರಕಟಣೆ, ಭಾವಗೀತೆಯ ರಾಗದಲ್ಲಿ. ಓದಿದವರು ಬೆಳಿಗ್ಗೆಯೇ ಟ್ಯಾಂಕಿಗೆ ನೀರು ಹತ್ತಿಸಿಕೊಳ್ತಾರೆ, ಅಷ್ಟೇ!

ಈಗ ಕುಲುಕೋದು ಬಿಟ್ಟು ಒಂದು ಪದವನ್ನ ತೆಗೆಯಿರಿ:

ಮಂಗಳವಾರ
ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ
ನಂದಿನಿ ಲೇಔಟಿನಲ್ಲಿ
ಇರುವುದಿಲ್ಲ.

ತೆಗೆದದ್ದು ಒಂದೇ ಪದ, 'ವಿದ್ಯುತ್'. ಯಾರು ಇರುವುದಿಲ್ಲ? ಕೆಲಸಕ್ಕೆ ಹೋದ ಗಂಡನಾ, ಹೆಂಡತಿಯಾ? ಮಗಳನ್ನ ನೋಡೋಕೆ ಹೋದ ಅಜ್ಜಿಯಾ? ಕನ್ನಡದಲ್ಲಿ ಕರ್ತೃ ಬಿಟ್ಟು ಹೋದರೂ ವಾಕ್ಯ ನಿಲ್ಲುತ್ತೆ. ಆ ಖಾಲಿ ಜಾಗದಲ್ಲಿ ಓದುವವರು ತಮ್ಮ ಮನೆಯವರನ್ನ ಕೂರಿಸಿಕೊಳ್ತಾರೆ. ಇದು ಮಹಾಕಾವ್ಯ ಅಂತ ಹೇಳ್ತಿಲ್ಲ. ಆದರೆ ಚೀಲ ಕುಲುಕಿ ಆಗದ್ದು, ಭಾಷೆ ಎಲ್ಲಿ ಸಡಿಲ ಇದೆ ಅಂತ ನೋಡಿ ಕತ್ತರಿ ಇಟ್ಟರೆ ಆಗುತ್ತೆ. ಪರದೇಶದ ಪಾಕವನ್ನ ಹಾಗೇ ಬಡಿಸಿದರೆ ಕನ್ನಡದ ನಾಲಿಗೆಗೆ ರುಚಿ ಹತ್ತಲ್ಲ.

ಆಕಸ್ಮಿಕದ ಜೊತೆ ಆಟ ಆಡೋದು ನಮಗೇನು ಹೊಸದಾ? "ಎಲ್ಲ ನಮ್ಮಲ್ಲಿ ಮೊದಲೇ ಇತ್ತು" ಅಂತ ಎದೆ ತಟ್ಟಿಕೊಳ್ಳೋಕೆ ಕೇಳ್ತಿಲ್ಲ, ನಮ್ಮವರು ಆಕಸ್ಮಿಕವನ್ನ ಹೇಗೆ ನಡೆಸಿಕೊಂಡರು ಅಂತ ನೋಡೋಕೆ. ಅವಧಾನದಲ್ಲಿ ದತ್ತಪದಿ ಅಂತ ಒಂದು ವಿಭಾಗ ಇದೆ. ಪೃಚ್ಛಕರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಡ್ತಾರೆ, ಎಷ್ಟೋ ಸಲ ಬೇಕಂತಲೇ ಬೇರೆ ಭಾಷೆಯದ್ದು. ಪಾದಕ್ಕೊಂದರಂತೆ ಅವನ್ನ ಸೇರಿಸಿ, ಹೇಳಿದ ವಸ್ತುವಿನ ಮೇಲೆ ಛಂದಸ್ಸಿನಲ್ಲಿ ಪದ್ಯ ಕಟ್ಟಬೇಕು. 'ಕಾರು' ಅಂತ ಕೊಟ್ಟರೆ 'ಕಾರುಣ್ಯ'ದೊಳಗೆ ಅಡಗಿಸಬಹುದು, 'ವ್ಯಾನ್' ಕೊಟ್ಟರೆ 'ದಿವ್ಯಾನ್ನ'ದೊಳಗೆ. ಶತಾವಧಾನಿ ಆರ್. ಗಣೇಶ್ (ಅವರೂ ಇಂಜಿನಿಯರಿಂಗ್ ಓದಿದವರೇ!) 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲೇ ಶತಾವಧಾನ ಮಾಡಿದರು. ಪದ ಅವಧಾನಿಗೆ ಸಿಕ್ಕಿದ್ದು, ನಿಜ. ಆದರೆ ಪದ್ಯ ಕೆಟ್ಟರೆ "ಪದ ಕೊಟ್ಟವರನ್ನ ಕೇಳಿ" ಅನ್ನೋ ಹಾಗಿಲ್ಲ. ಸಭೆಯ ಎದುರಿಗೆ ಕೂತಿರೋದು ಅವಧಾನಿ.

ಇನ್ನೊಂದು, ಮೈಲಾರದ ಕಾರ್ಣಿಕ. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ಭಾರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಉಪವಾಸ ಇದ್ದು ಎತ್ತರದ ಬಿಲ್ಲು ಏರ್ತಾರೆ. "ಸದ್ದಲೇ" ಅಂದ ಕೂಡಲೇ ಅಷ್ಟು ದೊಡ್ಡ ಜನಸಾಗರ ಗಪ್‌ಚಿಪ್. ಆಮೇಲೆ ಒಂದೇ ಒಂದು ಪುಟ್ಟ ನುಡಿ, ಕೊನೆಗೆ 'ಪರಾಕ್'. ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಆ ಒಂದು ಸಾಲಿನಲ್ಲಿ ಹುಡುಕ್ತಾರೆ. ಭವಿಷ್ಯ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ನೋಡ್ತಿರೋದು ಆ ಸಾಲಿನ ಸುತ್ತ ಇರೋದನ್ನ: ಹೇಳುವವರ ಉಪವಾಸ, ಕೇಳುವವರ ಮೌನ, ಬಿಡಿಸಿ ಅರ್ಥ ಹೇಳುವ ಹಿರಿಯರು. ಎಲ್ಲಿಂದಲೋ ಬಂದ ಮಾತು ಅಂತ ಅಲ್ಲಿ ಯಾರೂ ಹಗುರವಾಗಿ ತಗೊಳ್ಳಲ್ಲ. ನಮ್ಮ ಕೀಬೋರ್ಡ್ ಕವಿಗಳಿಗೆ ಇದರಲ್ಲಿ ಕಾಲು ಭಾಗ ಶ್ರದ್ಧೆ ಇದ್ದಿದ್ದರೆ!

ಈಗ ಮಡಿವಂತರ ಸರದಿ. "ಬೇರೆಯವರ ಮಾತು ಎತ್ತಿದರೆ ಅದರಲ್ಲಿ ನಿನ್ನದೇನಿದೆ?" ಅಂತಾರೆ. 2016ರಲ್ಲಿ ಹೇಮಂತ್ ರಾವ್ ಒಂದು ಸಿನಿಮಾ ಮಾಡಿದರು. ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗ್ತಾನೆ, ಮಗ ಹುಡುಕ್ತಾನೆ. ಅಪ್ಪನಾಗಿ ಅನಂತ್ ನಾಗ್, ಮಗನಾಗಿ ರಕ್ಷಿತ್ ಶೆಟ್ಟಿ. ಹೆಸರು 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಕಾಣೆಯಾದವರ ಪ್ರಕಟಣೆಗಳಲ್ಲಿ ನಾವೆಲ್ಲ ವರ್ಷಗಟ್ಟಲೆ ಓದಿ ಮುಂದೆ ಹೋಗಿದ್ದ ಭಾಷೆ. ಹೊಸ ಪದ ಒಂದೂ ಇಲ್ಲ. ಆದರೆ ಆ ಹೆಸರು ಕೇಳಿದ ಮೇಲೆ ಗೋಡೆಯ ಮೇಲಿನ ಪೋಸ್ಟರನ್ನ ಮೊದಲಿನ ಹಾಗೆ ಓದೋಕೆ ಆಗುತ್ತಾ? ಒಬ್ಬ ಮಗನಿಗೆ ಪ್ರಪಂಚವೇ ಆಗಿರೋ ಮನುಷ್ಯ, ಫಾರಂ ತುಂಬುವಾಗ ಬರೀ 'ಸಾಧಾರಣ'. ಸಿಕ್ಕ ಕವನ ಮಾಡಬೇಕಾದ ಕೆಲಸ ಇದೇ. ಕಳ್ಳತನ ಅನ್ನೋರು ಇದಕ್ಕೆ ಉತ್ತರ ಕೊಡಲಿ.

ಇನ್ನೂ ಒಂದು ಮಾತಿದೆ, ನನಗೆ ಮುಖ್ಯ ಅನ್ನಿಸೋದು. ಆ ಸಿನಿಮಾ ತಗೊಂಡಿದ್ದು ಪ್ರಕಟಣೆಗಳ ಭಾಷೆಯನ್ನ. ನಿಜವಾಗಿ ಕಳೆದುಹೋದ ಒಬ್ಬರ ಪೋಸ್ಟರನ್ನೇ ಹೆಸರು, ಫೋಟೋ, ಫೋನ್ ನಂಬರಿನ ಸಮೇತ ಎತ್ತಿ 'ಕವನ' ಮಾಡಿದರೆ? ಹುಡುಕ್ತಾ ಇರೋ ಮನೆಯವರು ಅದನ್ನ ನೋಡಿದರೆ?

ಇದು ಕಲ್ಪನೆಯ ಪ್ರಶ್ನೆ ಅಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಫರ್ಗುಸನ್ನಿನಲ್ಲಿ ಪೊಲೀಸ್ ಗುಂಡಿಗೆ ಹದಿನೆಂಟು ವರ್ಷದ ಮೈಕಲ್ ಬ್ರೌನ್ ಸತ್ತ. ಮರುವರ್ಷ ಮಾರ್ಚಿನಲ್ಲಿ ಕೆನೆತ್ ಗೋಲ್ಡ್‌ಸ್ಮಿತ್ ಅನ್ನೋ ಕವಿ ಆ ಹುಡುಗನ ಮರಣೋತ್ತರ ಪರೀಕ್ಷೆಯ ವರದಿಯನ್ನ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕವನ ಅಂತ ಓದಿದ. ಜನ ಸಿಟ್ಟಾದರು. ಇರೋ ದಾಖಲೆಯನ್ನ ಓದಿದೆ ಅನ್ನೋ ಸಮರ್ಥನೆ ಬಂತು. ಆದರೆ ವೈದ್ಯಕೀಯ ಪದಗಳನ್ನ ಸರಳ ಮಾಡಿದ್ದು, ಕ್ರಮ ಬದಲಿಸಿದ್ದು, ಹುಡುಗನ ಗುಪ್ತಾಂಗದ ವಿವರಕ್ಕೆ ತಂದು ನಿಲ್ಲಿಸಿದ್ದು, ಎಲ್ಲ ಅವನೇ. ಕೊನೆಯ ಸಾಲು ಯಾವುದಿರಬೇಕು ಅನ್ನೋದು 'ಸಿಕ್ಕಿದ್ದಾ'?

ಅದೇ ದೇಶದಲ್ಲಿ ಅವನಿಗಿಂತ ಬಹಳ ಹಿಂದೆ ಚಾರ್ಲ್ಸ್ ರೆಜ್ನಿಕಾಫ್ ಅಂತ ಒಬ್ಬ ಕವಿ, ಕಾನೂನು ಓದಿದವನು. ಹಳೇ ಕೋರ್ಟ್ ವರದಿಗಳನ್ನ ರಾಶಿ ರಾಶಿ ಓದಿ, ಕೈಕಾಲು ಕಳಕೊಂಡ ಕಾರ್ಮಿಕರ, ಹೊಡೆತ ತಿಂದವರ ಕಥೆಗಳನ್ನ ಕಡಿಮೆ ಮಾತಿಗೆ ಇಳಿಸಿ 'ಟೆಸ್ಟಿಮನಿ' ಬರೆದ. ಜನರ ಹೆಸರುಗಳನ್ನ ಬದಲಿಸಿದ. ಇಬ್ಬರೂ ದಾಖಲೆಯನ್ನೇ ಎತ್ತಿದವರು. ವ್ಯತ್ಯಾಸ ಕತ್ತರಿ ಹಿಡಿದ ಕೈಯಲ್ಲಿದೆ.

ನಮ್ಮ ಕಡೆಗೇ ಬರೋಣ. ಹೊರವರ್ತುಲ ರಸ್ತೆಯಲ್ಲಿ ಕಂಠೀರವ ಸ್ಟುಡಿಯೋ ಇದೆ. 2006ರಿಂದ ಅಲ್ಲಿ ಅಣ್ಣಾವ್ರ ಸಮಾಧಿ, 2021ರಿಂದ ಅಪ್ಪು ಸಮಾಧಿ. ಅಭಿಮಾನಿಗಳ ಫ್ಲೆಕ್ಸುಗಳಲ್ಲಿ ಒತ್ತಕ್ಷರ ತಪ್ಪಿರುತ್ತೆ, ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲಾಗಿರುತ್ತೆ. ಅದರ ಫೋಟೋ ತೆಗೆದು 'ಸಿಕ್ಕ ಕವನ' ಅಂತ ಹಾಕಿ ನಗೋದು ಬಲು ಸುಲಭ. ಬೆಳಗಾಗೋದರೊಳಗೆ ಫ್ಲೆಕ್ಸ್ ಬೇಕು ಅಂತ ರಾತ್ರಿ ಕೂತು ಟೈಪ್ ಮಾಡಿದ ಡಿಟಿಪಿ ಹುಡುಗನ ಕಾಗುಣಿತವನ್ನ, ಕೈಯಿಂದ ದುಡ್ಡು ಹಾಕಿದ ಅಭಿಮಾನಿಯ ದುಃಖವನ್ನ ಎಸಿ ರೂಮಿನಲ್ಲಿ ಕೂತು ಆಡಿಕೊಳ್ಳೋದಕ್ಕೆ ಕವನ ಅಂತಾರಾ? ನನ್ನ ಪ್ರಕಾರ ಅದು ಬರೀ ಕೊಬ್ಬು.

ಕುಟುಕಬೇಕು ಅಂತಿದ್ದರೆ ನಮ್ಮಂಥವರ ಗೇಟುಗಳಿಲ್ವಾ? ಯಾವ ಬಡಾವಣೆಯಲ್ಲಾದರೂ ಕಾಣುವ ಬೋರ್ಡುಗಳು ಇವು:

ಮನೆ ಬಾಡಿಗೆಗೆ ಇದೆ
ಸಸ್ಯಾಹಾರಿಗಳಿಗೆ ಮಾತ್ರ
ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ
ನಾಯಿ ಇದೆ ಎಚ್ಚರಿಕೆ
ಸುಸ್ವಾಗತ

ಐದರಲ್ಲಿ ಒಂದು ಪದವೂ ನನ್ನದಲ್ಲ. ಆದರೆ 'ಸುಸ್ವಾಗತ'ವನ್ನ ಕೊನೆಗೆ ಇಟ್ಟಿದ್ದು ನಾನು. ಅದನ್ನ ಮೊದಲು ಇಟ್ಟಿದ್ದರೆ ಅದು ಬರೀ ಪಟ್ಟಿ. ಆ ವ್ಯಂಗ್ಯ ನನ್ನದು, ಯಾವನಾದರೂ ಓನರು ಬಂದು ಜಗಳ ಆಡಿದರೆ ಬೈಸಿಕೊಳ್ಳಬೇಕಾದವನೂ ನಾನೇ. "ನಿಮ್ಮ ಗೇಟಲ್ಲೇ ಇತ್ತಲ್ಲ ಸಾರ್" ಅಂತ ಜಾರಿಕೊಳ್ಳಲ್ಲ.

ಸಿಕ್ಕ ಕವನ ಹಾಕುವ ಗೆಳೆಯರಲ್ಲಿ ನನ್ನ ಬೇಡಿಕೆ ಮೂರೇ ಮೂರು:

1. ಎಲ್ಲಿಂದ ಎತ್ತಿದಿರಿ ಅಂತ ಹೇಳಿ. ಕಷ್ಟದಲ್ಲಿರೋ ಜನರದ್ದಾದರೆ ಹೆಸರು, ಗುರುತು ತೆಗೆಯಿರಿ.
2. ಏನು ಬಿಟ್ಟಿರಿ, ಏನು ಹಿಂದೆ ಮುಂದೆ ಮಾಡಿದಿರಿ ಅಂತ ಕೆಳಗೆ ಒಂದು ಸಾಲು ಬರೆಯಿರಿ. ಪ್ರೋಗ್ರಾಮು ಬಳಸಿದ್ದರೆ ಎಷ್ಟು ಸಲ ಓಡಿಸಿ ಇದನ್ನ ಆರಿಸಿದಿರಿ ಅಂತಲೂ ಇರಲಿ.
3. ನಿಮ್ಮ ಹೆಸರು ಹಾಕಿ. ಹೊಗಳಿದರೆ ಮಾತ್ರ ಅಲ್ಲ, ಉಗಿದರೂ ಅದು ನಿಮಗೇ ತಲುಪಬೇಕು.

ಇಷ್ಟಕ್ಕೆ ತಯಾರಿದ್ದರೆ ಧಾರಾಳವಾಗಿ ಚೀಲ ಕುಲುಕಿ. ಇಲ್ಲಾಂದ್ರೆ ಚೀಲ ತಗೊಂಡು ತರಕಾರಿಗೆ ಹೋಗಿಬನ್ನಿ, ಮನೆಯವರಾದರೂ ಖುಷಿ ಪಡ್ತಾರೆ :)

ಏನಂತೀರಾ? ಜಗಳಕ್ಕೆ ಸ್ವಾಗತ.