ನಕ್ಷೆ ಕೊಡದ ಯಂತ್ರಗಳು

1969ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆ ಜಾನ್ ಲಿನ್ಸ್‌ಲಿ ಹುಡ್ ಎಂಬ ತಂತ್ರಜ್ಞರ ಲೇಖನವೊಂದನ್ನು ಪ್ರಕಟಿಸಿತು. ಹತ್ತು ವ್ಯಾಟ್ ಸಾಮರ್ಥ್ಯದ ಒಂದು ಆಂಪ್ಲಿಫೈಯರಿನ ವಿನ್ಯಾಸ ಅದು. ಒಂದು ಚಾನೆಲ್ಲಿಗೆ ನಾಲ್ಕೇ ಟ್ರಾನ್ಸಿಸ್ಟರು. ಲೇಖನದೊಂದಿಗೆ ಸರ್ಕ್ಯೂಟ್ ನಕ್ಷೆಯಿತ್ತು. ಯಾವ ಸ್ಪೀಕರಿಗೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂಬ ಲೆಕ್ಕವಿತ್ತು. ಹುಡ್ ಈಗಿಲ್ಲ. ಪತ್ರಿಕೆ ಹೆಸರು ಬದಲಿಸಿಕೊಂಡಿತು. ಅವರು ಆಗ ಬಳಸಿದ ಔಟ್‌ಪುಟ್ ಟ್ರಾನ್ಸಿಸ್ಟರುಗಳ ತಯಾರಿಕೆಯೂ ನಿಂತಿದೆ. ಆದರೂ ಅರ್ಧ ಶತಮಾನದ ಬಳಿಕ ಬೆಂಗಳೂರಿನ ನನ್ನ ಮನೆಯಲ್ಲಿ, ಒಂದು ಮರದ ಹಲಗೆಯ ಮೇಲೆ, ಅದೇ ಆಂಪ್ಲಿಫೈಯರನ್ನು ಕಟ್ಟಿ ಸಂಗೀತ ಕೇಳುವುದು ನನಗೆ ಸಾಧ್ಯವಾಯಿತು. ಉಳಿದದ್ದು ನಕ್ಷೆಯೊಂದೇ. ಅಷ್ಟು ಸಾಕಾಯಿತು.

ಇದಕ್ಕೂ ಮೊದಲು ನಮ್ಮ ಮನೆಯಲ್ಲಿದ್ದುದು ಅಂಗಡಿಯಿಂದ ತಂದ, ನೋಡಲು ಚೆಂದದ ಒಂದು ಉಪಕರಣ. ವಾರಂಟಿ ಮುಗಿದ ಕೆಲವೇ ತಿಂಗಳಲ್ಲಿ ಅದು ಮೌನ ತಾಳಿತು. ರಿಪೇರಿಯವರು ಮುಚ್ಚಳ ಬಿಚ್ಚಿ ತೋರಿಸಿದರು: ಒಳಗಿದ್ದ ಮುಖ್ಯ ಚಿಪ್ಪಿನ ಮೇಲಿನ ಸಂಖ್ಯೆಯನ್ನೇ ಉಜ್ಜಿ ಅಳಿಸಲಾಗಿತ್ತು. ನಕ್ಷೆ ಕೇಳಿದರೆ ಕಂಪನಿಯವರು ಹೊಸದೊಂದನ್ನು ಕೊಳ್ಳಿರೆಂದರು. ಹಣ ಕೊಟ್ಟವನು ನಾನು. ಒಳಗೇನಿದೆಯೆಂದು ತಿಳಿಯುವ ಹಕ್ಕು ಮಾತ್ರ ನನ್ನದಲ್ಲ.

ಹಿಂದೆ ಹೀಗಿರಲಿಲ್ಲ. ಹಳೆಯ ಅನೇಕ ರೇಡಿಯೊಗಳ ಹಿಂಬದಿಯ ಹಲಗೆಯ ಒಳಮೈಗೆ ಸರ್ಕ್ಯೂಟ್ ನಕ್ಷೆಯನ್ನು ಅಂಟಿಸಿರುತ್ತಿದ್ದರು. ನಮ್ಮ ಸಣ್ಣ ಊರುಗಳ ಎಷ್ಟೋ ರೇಡಿಯೊ ರಿಪೇರಿಗಾರರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ಪಠ್ಯಪುಸ್ತಕ ಆ ಹಾಳೆ. ಬಿಡಿಭಾಗಗಳೂ ದೂರದಿಂದ ಬರಬೇಕಿರಲಿಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ತಯಾರಿಕೆಗೆ ಕೈಹಾಕಿತು. ‘ಬಿಇಎಲ್’ ಎಂದು ಅಚ್ಚೊತ್ತಿದ ಎಸಿ128, ಮುಂದೆ ಬಂದ ದಪ್ಪ ಲೋಹದ ಟೋಪಿಯ 2ಎನ್3055, ಇವು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದಿನಸಿಯಂತೆ ಬಿಕರಿಯಾದ ಕಾಲವೊಂದಿತ್ತು. ಈಗ ಅವನ್ನು ಪುರಾತನ ನಾಣ್ಯಗಳಂತೆ ಸಂಗ್ರಹಿಸುವವರಿದ್ದಾರೆ. (ನಾನೂ ಒಂದು ಡಬ್ಬಿಯಲ್ಲಿ ಒಂದಿಷ್ಟನ್ನು ಇಟ್ಟುಕೊಂಡಿದ್ದೇನೆ.)

ಹುಡ್ ಅವರ ಆಂಪ್ಲಿಫೈಯರು ‘ಕ್ಲಾಸ್ ಎ’ ಜಾತಿಗೆ ಸೇರಿದ್ದು. ಸಾಮಾನ್ಯ ಆಂಪ್ಲಿಫೈಯರಿನಲ್ಲಿ ಧ್ವನಿಯ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರು, ಕೆಳಗರ್ಧವನ್ನು ಇನ್ನೊಂದು ಹೊರುತ್ತವೆ. ಹೆಗಲು ಬದಲಿಸುವ ಗಳಿಗೆಯಲ್ಲಿ ಧ್ವನಿ ಸ್ವಲ್ಪ ಮುಕ್ಕಾಗುವುದುಂಟು. ಕವಾಟಗಳ ಕಾಲದ ಶ್ರೋತೃಗಳು ಟ್ರಾನ್ಸಿಸ್ಟರನ್ನು ಹಳಿಯುತ್ತಿದ್ದುದು ಮುಖ್ಯವಾಗಿ ಇದಕ್ಕೇ. ಕ್ಲಾಸ್ ಎಯಲ್ಲಿ ಎರಡೂ ಎಂದೂ ಹೆಗಲು ಇಳಿಸುವುದಿಲ್ಲ. ಹಾಡಿರಲಿ, ಇಲ್ಲದಿರಲಿ, 8 ಓಮ್ ಸ್ಪೀಕರಿಗೆ ಹೊಂದಿಸಿದಾಗ 27 ವೋಲ್ಟಿನಲ್ಲಿ 1.2 ಆಂಪಿಯರ್ ಸದಾ ಹರಿಯುತ್ತಿರಬೇಕು. ಎಂದರೆ 10 ವ್ಯಾಟ್ ಸದ್ದಿಗಾಗಿ ಚಾನೆಲ್ಲೊಂದಕ್ಕೆ ಸುಮಾರು 32 ವ್ಯಾಟ್ ವ್ಯಯ. ಮೌನದಲ್ಲಿ ಅದಷ್ಟೂ ಶಾಖ. ದುಂದೆಂಬುದರಲ್ಲಿ ಸಂಶಯವಿಲ್ಲ. ಎಲ್ಲರೂ ಇದನ್ನೇ ಬಳಸಲೆಂದು ನಾನು ಹೇಳುತ್ತಿಲ್ಲ.

ನಾನು ಹೇಳಬೇಕೆಂದಿರುವುದು ನಕ್ಷೆಯ ಮಾತು. ಕಟ್ಟಿ ಮುಗಿಸಿದ ಮೇಲೆ ನಮ್ಮ ರಿಪೇರಿಯವರ ಹಳೆಯ ಉಪಾಯದಂತೆ ಸರಣಿಯಲ್ಲೊಂದು 100 ವ್ಯಾಟಿನ ಬಲ್ಬು ಇಟ್ಟು ವಿದ್ಯುತ್ ಕೊಟ್ಟೆ. ಝಗ್ಗನೆ ಉರಿದರೆ ಎಲ್ಲೋ ಶಾರ್ಟ್, ಮಂಕಾಗಿ ಉರಿದರೆ ಕ್ಷೇಮ. ಮಂಕಾಗಿಯೇ ಉರಿಯಿತು. ಅನಂತರ ಬಲ್ಬನ್ನು ತೆಗೆದು ಅಳತೆಗೆ ತೊಡಗಿದೆ. ಎರಡು ದೊಡ್ಡ ಟ್ರಾನ್ಸಿಸ್ಟರುಗಳು ಕೂಡುವ ಬಿಂದುವಿನಲ್ಲಿ 27ರ ಅರ್ಧ, ಹದಿಮೂರೂವರೆ ವೋಲ್ಟ್ ಇರಬೇಕು. ಒಂದು ಚಾನೆಲ್ಲಿನಲ್ಲಿ ಇತ್ತು, ಇನ್ನೊಂದರಲ್ಲಿ ಎಷ್ಟು ತಿರುಗಿಸಿದರೂ ನಿಲ್ಲಲಿಲ್ಲ. ಬಿಂದುವಿನಿಂದ ಬಿಂದುವಿಗೆ ಅಳೆಯುತ್ತ ಹೋದಾಗ ತಪ್ಪಿತಸ್ಥ ಟ್ರಾನ್ಸಿಸ್ಟರು ಸಿಕ್ಕಿತು. ಅದರ ಟೋಪಿಯನ್ನು ಗರಗಸದಿಂದ ಕೊಯ್ದು ನೋಡಿದರೆ ಅಷ್ಟು ದೊಡ್ಡ ಕವಚದೊಳಗೆ ಎಳ್ಳುಕಾಳಿನಷ್ಟು ಸಿಲಿಕಾನ್. ಮೇಲೆ ಪ್ರಸಿದ್ಧ ಸಂಖ್ಯೆ, ಒಳಗೆ ಖೋಟಾ ಮಾಲು.

ರಿಪೇರಿಯೆಂದರೆ ಇಷ್ಟೇ: ಇರಬೇಕಾದುದನ್ನೂ ಇರುವುದನ್ನೂ ಹೋಲಿಸುವುದು. ಇರುವುದನ್ನು ಅಗ್ಗದ ಮಲ್ಟಿಮೀಟರು ಹೇಳುತ್ತದೆ. ಇರಬೇಕಾದುದನ್ನು ಹೇಳಬಲ್ಲದ್ದು ನಕ್ಷೆ. ಅದನ್ನು ಮುಚ್ಚಿಟ್ಟರೆ ಎಂಥ ನಿಪುಣನೂ ಊಹೆಯ ಮೇಲೆ ಭಾಗ ಬದಲಿಸುವವನಾಗುತ್ತಾನೆ. ಗಿರಾಕಿ ಅವನನ್ನು ಮೋಸಗಾರನೆನ್ನುತ್ತಾನೆ. ಉಪಕರಣ ಗುಜರಿ ಸೇರುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿ ಹಕ್ಕಿ’ಗಾಗಿ ಸಮಿತಿ ರಚಿಸಿತು, ಅದೇ ಡಿಸೆಂಬರ್ 24ರಂದು ಪೋರ್ಟಲ್ ಕೂಡ ಬಂತು. ಸ್ವಾಗತಾರ್ಹವೇ. ಆದರೆ ಬಳಕೆಯ ಕೈಪಿಡಿ, ಸೇವಾ ಕೇಂದ್ರದ ವಿಳಾಸ, ವಾರಂಟಿಯ ಷರತ್ತುಗಳನ್ನು ಇಟ್ಟುಕೊಂಡು ಬೀದಿಯ ರಿಪೇರಿಗಾರ ಏನು ಮಾಡಬೇಕು? ಅವನಿಗೆ ಬೇಕಾದುದು ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ಮಾಹಿತಿ.

ವ್ಯಾಪಾರದ ಗುಟ್ಟು ಬಯಲಾದೀತೆಂದು ಕಂಪನಿಗಳು ಆಕ್ಷೇಪಿಸಬಹುದು. ಪ್ರತಿಸ್ಪರ್ಧಿ ಕಂಪನಿಗೆ ಬೇಕಿದ್ದರೆ ಉಪಕರಣವನ್ನು ಕೊಂಡು, ಬಿಚ್ಚಿ, ಪ್ರಯೋಗಾಲಯದಲ್ಲಿ ಎಲ್ಲವನ್ನೂ ತಿಳಿದುಕೊಳ್ಳುವ ಶಕ್ತಿಯಿದೆ. ಗುಟ್ಟು ಉಳಿಯುವುದು ಗ್ರಾಹಕನಿಂದ ಮತ್ತು ರಿಪೇರಿಗಾರನಿಂದ ಮಾತ್ರ. ಚಿಪ್ಪಿನ ಒಳಗಿನ ತಂತ್ರಾಂಶವನ್ನು ಯಾರೂ ಕೇಳುತ್ತಿಲ್ಲ. ಬೋರ್ಡಿನ ನಕ್ಷೆ, ಅಳತೆಯ ಬಿಂದುಗಳು, ಅಳಿಸದ ಸಂಖ್ಯೆಗಳು, ಇಷ್ಟನ್ನು ಮಾರಾಟದ ಷರತ್ತಾಗಿಸಲಿ. ಅಚ್ಚು ಹಾಕಿಸುವ ಖರ್ಚೂ ಬೇಡ. ಪೋರ್ಟಲ್ ಹೇಗೂ ಇದೆ; ಮಾದರಿಯೊಂದಕ್ಕೆ ಒಂದು ಪುಟ ಅಲ್ಲಿಗೆ ಏರಿದರೆ ಆಯಿತು.