‘ಈಸ್’ ‘ಆರ್’ ತಪ್ಪಿದರೆ ತಲೆ ತಗ್ಗಿಸಬೇಕೆ?

ಸಂದರ್ಶನದಲ್ಲಿ ಕನ್ನಡದ ಹುಡುಗ ‘ಟೆನ್ ಕಿಲೋಮೀಟರ್ಸ್ ಆರ್ ಎ ಲಾಂಗ್ ವಾಕ್’ ಎಂದರೆ ಸಾಕು, ಎದುರು ಕೂತವರ ತುಟಿಯಂಚಿನಲ್ಲಿ ನಗೆ. ಹುಡುಗ ಅಲ್ಲೇ ಬೆವರುತ್ತಾನೆ.

ಗೆಳೆಯರೇ, ಆ ಇಂಗ್ಲಿಷಿನ ಗುಟ್ಟು ತಿಳಿಯಿರಿ. ಹತ್ತು ಕಿಲೋಮೀಟರನ್ನು ಒಂದೇ ದೂರವೆಂದು ಎಣಿಸಿ ಅವರು ‘ಈಸ್’ ಎನ್ನುತ್ತಾರೆ. ‘ದ ನಂಬರ್ ಆಫ್ ಸ್ಟೂಡೆಂಟ್ಸ್’ ಎಂದರೆ ‘ಈಸ್’. ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಎಂದರೆ ‘ಆರ್’! ಮೊದಲನೆಯದು ಸಂಖ್ಯೆಯ ಮಾತು, ಎರಡನೆಯದು ವಿದ್ಯಾರ್ಥಿಗಳ ಮಾತು. ‘ಟೀಮ್’ ಎಂಬ ಪದಕ್ಕೆ ಬ್ರಿಟನ್ನಿನವರು ‘ಆರ್’ ಹಚ್ಚುವುದುಂಟು, ಅಮೆರಿಕದವರು ಸಾಮಾನ್ಯವಾಗಿ ‘ಈಸ್’. ಆ ಭಾಷೆಯ ಒಡೆಯರಲ್ಲೇ ಒಮ್ಮತವಿಲ್ಲ, ನಮಗೇಕೆ ನಾಚಿಕೆ?

ನಮ್ಮಲ್ಲೂ ಇಂಥ ಲೆಕ್ಕವಿದೆ. ‘ಜೇಬಿನಲ್ಲಿ ನೂರು ರೂಪಾಯಿ ಇದೆ’ ಎನ್ನುತ್ತೇವೆ. ‘ಹತ್ತು ಜನ ಬಂದರು’ ಎನ್ನುತ್ತೇವೆ. ತಾಯಿಯ ಮಡಿಲಲ್ಲೇ ಬಂದ ವ್ಯಾಕರಣವಿದು! ಕೇಶಿರಾಜ 13ನೆಯ ಶತಮಾನದಲ್ಲೇ ‘ಶಬ್ದಮಣಿದರ್ಪಣ’ ಬರೆದ ನಾಡಿದು.

ಇಂಗ್ಲಿಷ್ ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ಆದರೆ ಒಂದು ಕ್ರಿಯಾಪದದ ತಪ್ಪನ್ನು ನೆಪ ಮಾಡಿ ಕನ್ನಡಿಗನ ಅನ್ನ ಕಸಿಯುವುದನ್ನು ಸಹಿಸಬೇಡಿ. ಕನ್ನಡ ನೆಲದಲ್ಲಿ ಕುರ್ಚಿ ಹಾಕಿ ಕೂತವರಿಗೆ ಕನ್ನಡದ ಒಂದಾದರೂ ಕ್ರಿಯಾಪದ ಬರುತ್ತದೆಯೇ? ಎದೆಯುಬ್ಬಿಸಿ ನೀವೂ ಕೇಳಿ!