ಕಾಲ ತಪ್ಪಿದ ಕಾವಲು

ಸುಳ್ಯ ತಾಲ್ಲೂಕಿನ ತೊಡಿಕಾನದಲ್ಲಿ ದೇವಾಲಯದ ಸಮೀಪದ ಮತ್ಸ್ಯತೀರ್ಥದ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅವು ದೇವರ ಮೀನುಗಳು. ಅದೇ ಸೀಮೆಯ ಹೊಳೆಗಳಲ್ಲಿ ಬಾಳುವ ಮತ್ತೊಂದು ಪುಟ್ಟ ಮೀನಿಗೆ ಇಂತಹ ಅಭಯವಿಲ್ಲ. ಬೆಳ್ಳಿಯ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟೆ, ಅದರ ಮೇಲೆ ಅರ್ಧ ದೂರಕ್ಕೆ ಎಳೆದ ಕೆಂಪು ಗೆರೆ. ಹೆಚ್ಚೆಂದರೆ ಗೇಣುದ್ದ ಬೆಳೆಯುವ ಇದನ್ನು ಫ್ರಾನ್ಸಿಸ್ ಡೇ 1865ರಲ್ಲಿ ಶಾಸ್ತ್ರೀಯವಾಗಿ ವಿವರಿಸಿ, ಮದ್ರಾಸಿನ ಗವರ್ನರ್ ಡೆನಿಸನ್ನರ ಹೆಸರಿಟ್ಟನು. ಇಂದಿನ ಶಾಸ್ತ್ರೀಯ ನಾಮ ಸಹ್ಯಾದ್ರಿಯಾ ಡೆನಿಸೋನಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಕಾಸರಗೋಡಿನಲ್ಲಿ ಕಡಲು ಸೇರುವ ಪಯಸ್ವಿನಿ-ಚಂದ್ರಗಿರಿ ಇದರ ನೆಲೆಗಳಲ್ಲೊಂದು.

ಚೆಲುವೇ ಇದಕ್ಕೆ ಮುಳುವಾಯಿತು. ಗಾಜಿನ ತೊಟ್ಟಿಯ ಅಲಂಕಾರಕ್ಕಾಗಿ ಹೊಳೆಗಳಿಂದ ಸೆರೆಹಿಡಿದು ವಿದೇಶಗಳಿಗೆ ಸಾಗಿಸಲಾಯಿತು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯಕ್ಕೆ ಸಿಲುಕಿದ ಜೀವಿಗಳ ಸಾಲಿಗೆ ಅದು ಸೇರಿತು.

ಕೇರಳ ಸರ್ಕಾರ ಸುಮ್ಮನಿರಲಿಲ್ಲ. 2008ರಲ್ಲಿ ಜೂನ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಇದನ್ನು ಹಿಡಿಯಬಾರದೆಂದು ವಿಧಿಸಿತು. ಆದರೆ ಈ ಮೀನಿನ ಜೀವನಕ್ರಮವನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಕಂಡದ್ದೇ ಬೇರೆ. ಅದರ ಸಂತಾನಕಾಲ ಅಕ್ಟೋಬರಿನಿಂದ ಮಾರ್ಚಿಯವರೆಗೆ! ಮುಂಗಾರಿನ ಹೊಸನೀರಿಗೆ ಏರಿ ಬರುವ ಹತ್ತುಮೀನಿನ ಲೆಕ್ಕ ಇದಕ್ಕೆ ಸಲ್ಲದು. ಮೊಟ್ಟೆ ಹೊತ್ತ ತಾಯಿಮೀನಿಗೆ ರಕ್ಷಣೆ ಬೇಕಾದ ಐದು ತಿಂಗಳು ಬಾಗಿಲು ತೆರೆದೇ ಇತ್ತು. ಕಾವಲೇನೋ ಇತ್ತು, ಕಾಲ ಮಾತ್ರ ತಪ್ಪಿತ್ತು.

ಮೀನಿನ ಉದ್ದ-ತೂಕ ಅಳೆಯುವುದು ಪಂಡಿತರ ಕಾಲಹರಣವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಗ್ರಾಮಿನ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರಿನ ಉದ್ದದ ಘನದಿಂದ ಭಾಗಿಸಿದರೆ ಮೀನಿನ ಮೈಕಟ್ಟಿನ ಸೂಚ್ಯಂಕ ದೊರೆಯುತ್ತದೆ. ಹತ್ತು ಸೆಂಟಿಮೀಟರಿನ ಮೀನು ಹತ್ತು ಗ್ರಾಂ ತೂಗಿದರೆ ಅದು ಒಂದು. ಒಂದೇ ಜಾತಿಯಲ್ಲಿ ಈ ಅಂಕಿ ತಿಂಗಳಿಂದ ತಿಂಗಳಿಗೆ ಏರಿಳಿಯುವುದನ್ನು ಅಂಡಾಶಯದ ಬೆಳವಣಿಗೆಯೊಡನೆ ಇಟ್ಟು ನೋಡಿದಾಗ, ಮೀನು ಯಾವಾಗ ಉಂಡು ಮೈತುಂಬಿತು, ಯಾವಾಗ ಮೊಟ್ಟೆಯಿಟ್ಟು ಸೊರಗಿತು ಎಂಬುದು ತಿಳಿಯುತ್ತದೆ. ಮೊದಲ ಬಾರಿ ಮೊಟ್ಟೆಯಿಡುವ ಗಾತ್ರ ತಿಳಿದರೆ, ಅದಕ್ಕಿಂತ ಸಣ್ಣದನ್ನು ಹಿಡಿಯಬಾರದೆಂಬ ನಿಯಮಕ್ಕೆ ಆಧಾರ ಸಿಗುತ್ತದೆ. ಸಂತತಿ ಬಿಡದೆ ಸೆರೆಯಾದ ಮೀನು ಹೊಳೆಗೆ ಬಿಟ್ಟುಹೋಗುವುದು ಶೂನ್ಯವನ್ನು ಮಾತ್ರ.

ವ್ಯಾಪಾರಿಯ ಬಲೆಯೊಂದನ್ನೇ ದೂರಿ ಮಲೆಸೀಮೆಯ ಕೃಷಿಕರು ಕೈತೊಳೆದುಕೊಳ್ಳುವಂತಿಲ್ಲ. ಕೇರಳದ ಆಜ್ಞೆ ಗಡಿಯಾಚೆಯ ಹೊಳೆಗೆ ಅನ್ವಯಿಸದು. ಹೊಳೆಗಾದರೋ ಗಡಿಯೇ ಇಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಿದ ಪಂಪು, ಡ್ರಮ್ಮುಗಳನ್ನು ಹೊಳೆಯಲ್ಲೇ ತೊಳೆಯುವುದುಂಟು. ಮೈಲುತುತ್ತಿನ ತಾಮ್ರ ಮೀನಿಗೆ ವಿಷ. ಇನ್ನು ಬೇಸಿಗೆ ಸಮೀಪಿಸಿ ಹರಿವು ತಗ್ಗಿದಾಗ ಉಳಿದ ಗುಂಡಿಗಳಿಗೇ ತೋಟದ ಪಂಪುಗಳು ಇಳಿಯುತ್ತವೆ. ಮರಿಗಳು ಬೆಳೆಯುವ ಹೊತ್ತೂ ಅದೇ.

ಆದ್ದರಿಂದ ಆಗಬೇಕಾದ್ದು ಸರಳ. ಸಂತಾನಕಾಲಕ್ಕೆ ಹೊಂದುವ ನಿಷೇಧ ಹೊಳೆಯುದ್ದಕ್ಕೂ ಎರಡೂ ರಾಜ್ಯಗಳಲ್ಲಿ ಒಂದೇ ಆಗಿರಲಿ. ಅಲಂಕಾರಕ್ಕೆ ಬೇಕಾದ ಮೀನು ಸಾಕಣೆಯ ತೊಟ್ಟಿಯಿಂದ ಬರಲಿ. ಸೆರೆಯಲ್ಲಿ ಇದನ್ನು ಮರಿಮಾಡಿಸುವ ವಿಧಾನ ಈಗಾಗಲೇ ಕೈಗೆಟುಕಿದೆ. ಪ್ರತಿ ಊರೂ ಒಂದೆರಡು ಗುಂಡಿಗಳನ್ನು ಮೀನಿನ ಪಾಲೆಂದು ಪಂಪಿಳಿಸದೆ ಬಿಡಲಿ. ವಿದ್ಯಾರ್ಥಿಗಳು ಮೀನನ್ನು ಹಿಡಿಯದೆ, ದಡದಿಂದಲೇ ನೋಡಿ, ಯಾವ ತಿಂಗಳಲ್ಲಿ ಎಲ್ಲಿ ಮರಿಗಳು ಕಂಡವೆಂದು ಬರೆದಿಡಲಿ.

ತೊಡಿಕಾನದ ಮೀನನ್ನು ಭಕ್ತಿ ಕಾಯುತ್ತಿದೆ. ಕೆಂಪು ಗೆರೆಯ ಈ ಪುಟ್ಟ ಮೀನನ್ನು ಅರಿವು ಕಾಯಬೇಕಾಗಿದೆ.